ಹೂಂ ಅನ್ನುವವರು ಇರಬೇಕು

ಪ್ರಶ್ನೆ: ನಾನು ದಾವಣಗೆರೆಯವಳು. ಅಟ್ಲಾಂಟಾಕ್ಕೆ ಬಂದು ಮೂರು ವರ್ಷವಾಯಿತು. ಹೋದ ವರ್ಷ ಅಮ್ಮ ತೀರಿಕೊಂಡರು. ವೀಸಾ ತಾಪತ್ರಯದಿಂದ ಊರಿಗೆ ಹೋಗಲು ಆಗಲಿಲ್ಲ. ಅಲ್ಲಿಂದ ಯಾವುದರಲ್ಲೂ ಮನಸ್ಸಿಲ್ಲ. ದೇವರಿಗೆ ದೀಪ ಹಚ್ಚುತ್ತೇನೆ, ಅದೂ ಕೈಯಭ್ಯಾಸ ಅಷ್ಟೇ. ಬೆಳಗ್ಗೆ ಫೋನಿನಲ್ಲಿ ಸ್ಫೂರ್ತಿಯ ಮಾತು ಓದುತ್ತೇನೆ, ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಕಪ್ಪು ಅಮೆರಿಕನ್ ಹೆಂಗಸೊಬ್ಬರು ಇದ್ದಾರೆ. ಅಮ್ಮನ ವಿಷಯ ತಿಳಿದ ದಿನ ಒಂದು ಡಬ್ಬಿಯಲ್ಲಿ ಅಲಸಂದೆ ಕಾಳು, ಅನ್ನ ತಂದುಕೊಟ್ಟರು. ಆಮೇಲೆ ಒಂದು ಭಾನುವಾರ ತಮ್ಮ ಚರ್ಚಿಗೆ ಕರೆದುಕೊಂಡು ಹೋದರು. ಹಾಡು ಶುರುವಾಗಿದ್ದೇ ನಾನು ಬಿಕ್ಕಿ ಬಿಕ್ಕಿ ಅತ್ತೆ. ಗುರುತೇ ಇಲ್ಲದ ಅಜ್ಜಿಯೊಬ್ಬರು ಬೀಸಣಿಗೆ ಬೀಸುತ್ತಾ ಬೆನ್ನು ಸವರಿದರು. ಅಷ್ಟು ಕಷ್ಟ ಕಂಡ ಜನಕ್ಕೆ ದಿನಾ ಈ ಹುರುಪು ಎಲ್ಲಿಂದ ಬರುತ್ತದೆ? ಹಿಂದೂ ಆದ ನಾನು ಅಲ್ಲಿಗೆ ಮತ್ತೆ ಹೋಗಬಹುದಾ? ನಮ್ಮವರ ಸ್ನೇಹಿತರು 'ಅಲ್ಲಿಗೆಲ್ಲ ಯಾಕೆ ಹೋಗ್ತೀರಿ' ಅನ್ನುತ್ತಾರೆ. ಬೇರೆಯವರ ನೋವಿನಿಂದ ಹುಟ್ಟಿದ್ದನ್ನು ನನ್ನ ಸಮಾಧಾನಕ್ಕೆ ಬಳಸಿಕೊಂಡರೆ ತಪ್ಪಾ? ಅಂದ ಹಾಗೆ, ಅವರ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ. (ಹೆಸರು ಬೇಡ)

ಉತ್ತರ:

ಡಬ್ಬಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ನೀವು ಅದನ್ನು 'ಅಂದ ಹಾಗೆ' ಎಂದು ಬರೆದಿದ್ದೀರಿ. ನನಗೆ ಮಾತ್ರ ಪತ್ರದಲ್ಲಿ ಅದೇ ಮುಖ್ಯ ಅನ್ನಿಸಿತು.

ಮೊದಲು ಆ ಅಳುವಿನ ಮಾತು. ಅತ್ತಿದ್ದಕ್ಕೆ ಮುಜುಗರ ಬೇಡ. ಆ ಚರ್ಚುಗಳಲ್ಲಿ ಯಾರಾದರೂ ಅಳದ ಭಾನುವಾರವೇ ಕಡಿಮೆ. ನಿಮಗೆ ಗಾಳಿ ಹಾಕಿದ ಬೀಸಣಿಗೆಗೂ ಒಂದು ಚರಿತ್ರೆ ಇದೆ. ಹಿಡಿಕೆ ಇರುವ ಆ ರಟ್ಟಿನ ಬೀಸಣಿಗೆಗಳನ್ನು ಬಹಳ ಕಾಲದಿಂದ ಚರ್ಚುಗಳಿಗೆ ಹಂಚುತ್ತಾ ಬಂದವರು ಊರಿನ ಕಪ್ಪು ಜನರ ಶವಸಂಸ್ಕಾರದ ಅಂಗಡಿಗಳವರು. ಒಂದು ಕಡೆ ಏಸುವಿನದೋ, ಕಪ್ಪು ಜನರ ಹಕ್ಕಿಗೆ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರದೋ ಚಿತ್ರ, ಇನ್ನೊಂದು ಕಡೆ ಅಂಗಡಿಯ ಜಾಹೀರಾತು. ಬಿಳಿಯರ ಅಂಗಡಿಗಳು ಇವರ ಹೆಣಕ್ಕೂ ಮರ್ಯಾದೆ ಕೊಡದ ಕಾಲವೊಂದಿತ್ತು. ಹಾಗಾಗಿ ತಮ್ಮವರ ಸಾವನ್ನು ತಾವೇ ನೋಡಿಕೊಳ್ಳುವುದನ್ನು ಆ ಜನ ಕಲಿತರು. ಆ ಅಜ್ಜಿಗೆ ನೀವು ಯಾರೆಂದು ಗೊತ್ತಿರಬೇಕಾಗಿರಲಿಲ್ಲ. ನಿಮ್ಮದು ಸಾವಿನ ಅಳು ಅನ್ನುವುದು ಗೊತ್ತಾಗಿತ್ತು, ಅಷ್ಟು ಸಾಕಾಗಿತ್ತು.

ಈಗ 'ದಿನಾ ಈ ಹುರುಪು ಎಲ್ಲಿಂದ' ಅನ್ನುವುದು. ಈ ಪ್ರಶ್ನೆಯನ್ನು ಸ್ವಲ್ಪ ತಿದ್ದಬೇಕು. ಕಪ್ಪು ಜನ ಹುಟ್ಟಾ ಹಾಡುಗಾರರು, ಹುಟ್ಟಾ ಗಟ್ಟಿಗರು, ಅವರಿಗೆ ನೋವು ತಾಗುವುದಿಲ್ಲ ಎಂದು ಹೇಳುತ್ತಾ ಬಂದವರು ಅವರನ್ನು ದುಡಿಸಿಕೊಂಡವರು. ನೀವು ಆ ಅರ್ಥದಲ್ಲಿ ಬರೆದಿಲ್ಲ, ಗೊತ್ತು. ಆದರೂ ಹುರುಪು ಅವರ ರಕ್ತದಲ್ಲಿಲ್ಲ. ಅವರು ಮಾಡಿಕೊಂಡು ಬಂದ ಕೆಲವು ಅಭ್ಯಾಸಗಳಲ್ಲಿದೆ. ಚರ್ಚಿನ ಕಡೆ ತಲೆ ಹಾಕದ ಕಪ್ಪು ಅಮೆರಿಕನ್ನರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ದೇವರೇ ಬೇಡ ಅನ್ನುವವರೂ ಇದ್ದಾರೆ. ನಾನು ಹೇಳುವುದು ನಿಮ್ಮ ನೆರೆಮನೆಯವರ ಬೇರಿನ ಬಗ್ಗೆ ಮಾತ್ರ.

ಆ ಬೇರು ಕಾಡಿನಲ್ಲಿದೆ. ಗುಲಾಮರು ತಾವಾಗಿ ಸೇರಿ ಪ್ರಾರ್ಥನೆ ಮಾಡುವುದಕ್ಕೆ ಅಮೆರಿಕದ ದಕ್ಷಿಣದಲ್ಲಿ ತೋಟದ ಯಜಮಾನರು ಬಿಡುತ್ತಿರಲಿಲ್ಲ. ಸಿಕ್ಕಿಬಿದ್ದರೆ ಚಾಟಿ ಏಟು. ಅವರು ರಾತ್ರಿ ಗದ್ದೆ ದಾಟಿ, ಮರಗಳ ನಡುವೆ ಅಥವಾ ತಗ್ಗಿನಲ್ಲಿ ಕದ್ದು ಸೇರುತ್ತಿದ್ದರು. ಗುಲಾಮಗಿರಿ ಕಂಡಿದ್ದ ಮುದುಕರು ಇನ್ನೂ ಬದುಕಿದ್ದಾಗ, 1936ರಿಂದ 38ರ ನಡುವೆ ಸರ್ಕಾರ ಅಂಥ 2,300ಕ್ಕೂ ಹೆಚ್ಚು ಜನರ ಮಾತು ಬರೆಸಿಕೊಂಡಿತು. ಅದರಲ್ಲಿ ಎಷ್ಟೋ ಜನ ಒಂದೇ ಮಾತು ಹೇಳುತ್ತಾರೆ: ಕಬ್ಬಿಣದ ದೊಡ್ಡ ಹಂಡೆಯನ್ನು ಬಾಗಿಲ ಬಳಿ ಮಗುಚಿಡುತ್ತಿದ್ದರಂತೆ, ದನಿ ಅದರೊಳಗೆ ಸೇರಿ ಹೊರಗೆ ಕೇಳಿಸಬಾರದೆಂದು. ಹಂಡೆ ನಿಜವಾಗಿ ದನಿ ಹಿಡಿಯುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಇಡೀ ದಿನ ಹತ್ತಿ ಬಿಡಿಸಿ ಬೆನ್ನು ಬಿದ್ದುಹೋದವರು, ನಿದ್ದೆಯನ್ನೂ ಚರ್ಮವನ್ನೂ ಪಣಕ್ಕಿಟ್ಟು ರಾತ್ರಿ ಎದ್ದು ಹೋಗುತ್ತಿದ್ದರಲ್ಲ, ಅದನ್ನು ನೋಡಿ. ಒಬ್ಬೊಬ್ಬರೇ ಗುಡಿಸಲಿನಲ್ಲಿ ಮಲಗಿ ಮನಸ್ಸಿನಲ್ಲೇ ಪ್ರಾರ್ಥಿಸಬಹುದಿತ್ತು. ಅದಕ್ಕೆ ಅಪಾಯವೂ ಇರಲಿಲ್ಲ. ಅದು ಅವರಿಗೆ ಸಾಲಲಿಲ್ಲ.

ಯಾಕೆ ಸಾಲಲಿಲ್ಲ? ಅವರ ಹಾಡಿನ ಕಟ್ಟೇ ಹಾಗಿದೆ. ಒಬ್ಬರು ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ಓಗೊಡುತ್ತಾರೆ. ಪಶ್ಚಿಮ ಆಫ್ರಿಕಾದಿಂದ ಬಂದ ಈ ರೀತಿ ಹೊಲದ ಹಾಡಿನಲ್ಲೂ ಇದೆ, ಚರ್ಚಿನ ಹಾಡಿನಲ್ಲೂ ಇದೆ. ಪಾದ್ರಿಯ ಮಾತಿನ ನಡುನಡುವೆ ಜನ 'ಹೌದು', 'ಹೇಳು ಹೇಳು', 'ಆಮೆನ್' ಎಂದು ಕೂಗುವುದನ್ನು ನೀವೂ ಕೇಳಿರುತ್ತೀರಿ. ಅದು ಸಭೆಯ ಗದ್ದಲ ಅಲ್ಲ. ಜನ ಸುಮ್ಮನಿದ್ದರೆ ಅಲ್ಲಿ ಪಾದ್ರಿಗೆ ಮಾತೇ ಏಳುವುದಿಲ್ಲ. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟಬೇಕಿತ್ತು, ನೆನಪಿದೆಯಾ? ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, 'ನಿದ್ದೆ ಬಂತೇನೋ?' ಎಂದು ತಿವಿಯುತ್ತಿದ್ದರು. ಸೋಬಾನೆ ಹಾಡುವವರಲ್ಲೂ ಒಬ್ಬಾಕೆ ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಾರೆ. ನಿಮ್ಮ ಬೆಳಗಿನ ಸ್ಫೂರ್ತಿಯ ಮಾತು ಹತ್ತು ನಿಮಿಷಕ್ಕೆ ಆರಿಹೋಗುವುದೂ ಇದಕ್ಕೇ. ಮಾತು ಕೆಟ್ಟದ್ದಂತ ಅಲ್ಲ. ಅದಕ್ಕೆ ಹೂಂ ಅನ್ನುವವರು ಆ ಅಡುಗೆಮನೆಯಲ್ಲಿ ಯಾರೂ ಇಲ್ಲ.

ಒಂದು ಹಾಡಿನ ಕಥೆ ಹೇಳಬೇಕು. ನೀವಿರುವ ಊರಿಗೆ ಸಂಬಂಧಪಟ್ಟದ್ದು. ಅಟ್ಲಾಂಟಾದಿಂದ ಪಶ್ಚಿಮಕ್ಕೆ ಒಂದು ಗಂಟೆ ಕಾರಿನಲ್ಲಿ ಹೋದರೆ ವಿಲ್ಲಾ ರಿಕಾ ಎಂಬ ಊರು ಸಿಗುತ್ತದೆ. 1899ರಲ್ಲಿ ಅಲ್ಲಿ ಹುಟ್ಟಿದವನು ಥಾಮಸ್ ಡೋರ್ಸಿ. ಅಪ್ಪ ಪಾದ್ರಿ. ಮಗ ಪಿಯಾನೋ ಕಲಿತು ಬ್ಲೂಸ್ ಎಂಬ, ಕಪ್ಪು ಜನರ ಲೌಕಿಕ ಸಂಗೀತ ನುಡಿಸಲು ಹೋದ, 'ಜಾರ್ಜಿಯಾ ಟಾಮ್' ಎಂದು ಹೆಸರು ಮಾಡಿದ, ಆ ಕಾಲದ ದೊಡ್ಡ ಗಾಯಕಿ ಮಾ ರೈನಿಯ ಜೊತೆ ಊರೂರು ಸುತ್ತಿದ. ಆಮೇಲೆ ಶಿಕಾಗೋದಲ್ಲಿ ಚರ್ಚಿನ ಹಾಡುಗಳಿಗೆ ಬ್ಲೂಸಿನ ಲಯ ಬೆರೆಸಲು ಶುರುಮಾಡಿದ. ಮಡಿವಂತ ಚರ್ಚುಗಳು ಬಾಗಿಲಲ್ಲೇ ತಡೆದವು. ಹೆಂಡದಂಗಡಿಯ ಸಂಗೀತ ದೇವರ ಮುಂದೆಯಾ ಅಂತ.

1932ರ ಆಗಸ್ಟಿನಲ್ಲಿ ಡೋರ್ಸಿ ಹಾಡುವುದಕ್ಕೆಂದು ಸೇಂಟ್ ಲೂಯಿಸ್‌ಗೆ ಹೋಗಿದ್ದ. ಮನೆಯಲ್ಲಿ ಹೆಂಡತಿ ನೆಟ್ಟಿ ತುಂಬು ಬಸುರಿ. ಅಲ್ಲಿ ಸಭೆಯಲ್ಲಿದ್ದಾಗಲೇ ತಂತಿ ಬಂತು: ಹೆರಿಗೆಯಲ್ಲಿ ಹೆಂಡತಿ ಹೋದಳು. ಓಡಿಬಂದ. ಗಂಡುಮಗು ಬದುಕಿತ್ತು, ಅದೂ ಒಂದು ದಿನದೊಳಗೆ ತೀರಿಕೊಂಡಿತು. ತಾಯಿ ಮಗು ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಮಣ್ಣು ಮಾಡಿದರು. ಡೋರ್ಸಿಗೆ ದೇವರ ಮೇಲೆ ಸಿಟ್ಟು ಬಂತು. ಇನ್ನು ದೇವರ ಹಾಡು ಬರೆಯುವುದಿಲ್ಲ, ಬ್ಲೂಸಿಗೇ ಹೋಗುತ್ತೇನೆ ಎಂದುಕೊಂಡ. ಕೆಲವು ದಿನ ಕಳೆದ ಮೇಲೆ ಥಿಯೋಡೋರ್ ಫ್ರೈ ಎಂಬ ಗೆಳೆಯ ಅವನನ್ನು ಎಬ್ಬಿಸಿ, ಪಿಯಾನೋ ಇದ್ದ ಒಂದು ಕೋಣೆಗೆ ಕರೆದುಕೊಂಡು ಹೋದ. ಉಪದೇಶ ಮಾಡಲಿಲ್ಲ, ಜೊತೆಗೆ ಕೂತ. ಡೋರ್ಸಿಯ ಬೆರಳು ಸುಮ್ನೆ ಪಿಯಾನೋದ ಮನೆಗಳ ಮೇಲೆ ಆಡಿ, ಹಳೆಯ ಸ್ತೋತ್ರವೊಂದರ ರಾಗಕ್ಕೆ ಹೊಸ ಮಾತು ಕೂಡಿಕೊಂಡಿತು: ಒಡೆಯನೇ, ನನ್ನ ಕೈ ಹಿಡಿ. ಅವನು ಮೊದಲು ದೇವರನ್ನು 'ಧನ್ಯ ಒಡೆಯ' ಎಂಬಂಥ ಮಾತಿನಲ್ಲಿ ಕರೆದಿದ್ದನಂತೆ. ಪಕ್ಕದಲ್ಲಿದ್ದ ಫ್ರೈ, 'ಹಾಗಲ್ಲ, ಪ್ರೆಷಸ್ ಲಾರ್ಡ್ ಅನ್ನು' ಎಂದ. ಇದನ್ನು ಡೋರ್ಸಿಯೇ ಮುದಿವಯಸ್ಸಿನವರೆಗೂ ಹೇಳಿಕೊಳ್ಳುತ್ತಿದ್ದ. ಹಾಡಿನ ಹೆಸರು 'ಪ್ರೆಷಸ್ ಲಾರ್ಡ್, ಟೇಕ್ ಮೈ ಹ್ಯಾಂಡ್'. ಅಂದರೆ ಆ ಹೆಸರಿನಲ್ಲೇ ಇರುವ 'ಪ್ರೆಷಸ್' (ಅಮೂಲ್ಯ) ಎಂಬ ಪದ ಗೆಳೆಯನದು.

ಆ ಹಾಡು ಮುಂದೆ ಹೋದದ್ದೂ ಸ್ನೇಹದ ದಾರಿಯಲ್ಲೇ. ಮಹಾಲಿಯಾ ಜಾಕ್ಸನ್ ಎಂಬ ಗಾಯಕಿ ಡೋರ್ಸಿಯ ಜೊತೆ ಊರೂರು ತಿರುಗಿ ಅವನ ಹಾಡುಗಳನ್ನು ಹಾಡಿದವರು. ಮುಂದೆ ಅವರು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಆಪ್ತರಾದರು. ಮನಸ್ಸು ಕುಗ್ಗಿದಾಗ ಕಿಂಗ್ ಆಕೆಗೆ ಫೋನ್ ಮಾಡುತ್ತಿದ್ದರು. ಆಕೆ ಫೋನಿನಲ್ಲೇ ಹಾಡುತ್ತಿದ್ದರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಆ ದೊಡ್ಡ ಸಭೆಯಲ್ಲಿ ಕಿಂಗ್ ಬರೆದು ತಂದ ಭಾಷಣ ಓದುತ್ತಿದ್ದಾಗ, ಹಿಂದಿನಿಂದ 'ಆ ಕನಸಿನ ವಿಷಯ ಹೇಳು, ಮಾರ್ಟಿನ್' ಎಂದು ಕೂಗಿದವರು ಇದೇ ಮಹಾಲಿಯಾ. ಕಿಂಗ್ ಹಾಳೆ ಬದಿಗಿಟ್ಟರು. ಜಗತ್ತು ನೆನಪಿಟ್ಟುಕೊಂಡದ್ದು ಆಮೇಲೆ ಬಂದ 'ನನಗೊಂದು ಕನಸಿದೆ' ಎಂಬ ಮಾತುಗಳನ್ನು. ನೋಡಿ, ಅಲ್ಲೂ ಹೂಂಗುಟ್ಟಿದವರೊಬ್ಬರು ಇದ್ದರು.

1968ರ ಏಪ್ರಿಲ್ 4ರ ಸಂಜೆ, ಮೆಂಫಿಸ್‌ನ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ನಿಂತು ಕಿಂಗ್ ಕೆಳಗಿದ್ದ ಬೆನ್ ಬ್ರಾಂಚ್ ಎಂಬ ಸ್ಯಾಕ್ಸೊಫೋನ್ ವಾದಕನಿಗೆ, ಇವತ್ತು ರಾತ್ರಿ ಸಭೆಯಲ್ಲಿ ಆ ಹಾಡು ನುಡಿಸು, ಚೆಂದವಾಗಿ ನುಡಿಸು ಎಂದರು. ಸ್ವಲ್ಪ ಹೊತ್ತಿಗೆ ಗುಂಡು ಬಿತ್ತು. ಅವರ ಶವಸಂಸ್ಕಾರದ ದಿನ ನಿಮ್ಮ ಅಟ್ಲಾಂಟಾದಲ್ಲಿ ಅದನ್ನು ಹಾಡಿದವರು ಮಹಾಲಿಯಾ. ನಾಲ್ಕು ವರ್ಷಕ್ಕೆ ಮಹಾಲಿಯಾ ತೀರಿಕೊಂಡಾಗ ಅರೀತಾ ಫ್ರಾಂಕ್ಲಿನ್ ಎಂಬ ಗಾಯಕಿ ಅವರಿಗಾಗಿ ಅದೇ ಹಾಡು ಹಾಡಿದರು. ನೀವು ಅತ್ತ ದಿನ ಯಾವ ಹಾಡು ಇತ್ತೋ ನನಗೆ ಗೊತ್ತಿಲ್ಲ. ನೆರೆಮನೆಯವರನ್ನು ಕೇಳಿ. ಇದೇ ಆಗಿದ್ದರೂ ಆಶ್ಚರ್ಯವಿಲ್ಲ.

ಹಾಡಿನ ಬಗ್ಗೆಯೇ ಜಾಸ್ತಿ ಹೇಳಿದೆ. ಚರ್ಚು ಅಂದರೆ ಹಾಡು ಮಾತ್ರ ಅಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಅಲೆನ್, ಅಬ್ಸಲಮ್ ಜೋನ್ಸ್ ಎಂಬಿಬ್ಬರು ಗೆಳೆಯರು ಒಂದು ಸಂಘ ಕಟ್ಟಿದರು. ಸದಸ್ಯರು ತಿಂಗಳಿಗೆ ಇಷ್ಟು ಚಿಲ್ಲರೆ ಎಂದು ಹಾಕಬೇಕು. ಕಾಯಿಲೆಯಾದವರಿಗೆ, ವಿಧವೆಯರಿಗೆ, ತಬ್ಬಲಿ ಮಕ್ಕಳಿಗೆ ಆ ದುಡ್ಡು. ಬಿಳಿಯರ ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗಲೇ, ಮೊಣಕಾಲೂರಿದ್ದ ಇವರನ್ನು ಹಿಡಿದೆಬ್ಬಿಸಿ ಜಾಗ ಬಿಡಿಸಲು ನೋಡಿದ್ದಕ್ಕೆ ಎಲ್ಲರೂ ಒಟ್ಟಿಗೆ ಎದ್ದು ಹೊರಬಂದರು. ಅಲೆನ್ 1794ರಲ್ಲಿ ತೆರೆದ ಚರ್ಚು ಇವತ್ತಿಗೂ ಅದೇ ಜಾಗದಲ್ಲಿದೆ. ಪಶ್ಚಿಮ ಆಫ್ರಿಕಾದಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ 'ಸೂಸು' ಎಂಬ ಪದ್ಧತಿ ಇದೆ: ಹತ್ತು ಜನ ಸೇರಿ ವಾರಕ್ಕಿಷ್ಟು ಹಾಕುವುದು, ಸರದಿಯ ಮೇಲೆ ಒಬ್ಬೊಬ್ಬರು ಗಂಟು ಎತ್ತಿಕೊಳ್ಳುವುದು. ನಮ್ಮ ಚೀಟಿಯೇ, ಅಲ್ವಾ?

ನಿಮ್ಮ ಊರಿನಲ್ಲೇ ಫ್ರೆಂಡ್‌ಶಿಪ್ ಎಂಬ ಹೆಸರಿನ ಬ್ಯಾಪ್ಟಿಸ್ಟ್ ಚರ್ಚಿದೆ. 1881ರಲ್ಲಿ ಅದರ ನೆಲಮಾಳಿಗೆಯಲ್ಲಿ ಹನ್ನೊಂದು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಒಂದು ಶಾಲೆ ಶುರುವಾಯಿತು. ಗುಲಾಮಗಿರಿಯಿಂದ ಬಂದವರೇ ಹೆಚ್ಚು. ಅದೇ ಇವತ್ತಿನ ಸ್ಪೆಲ್ಮನ್ ಕಾಲೇಜು.

ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಹತ್ತಿರವಾದವರು ಮಾತ್ರ ಒಬ್ಬ ಅಡುಗೆಯಾಕೆ. ಜಾರ್ಜಿಯಾ ಗಿಲ್ಮೋರ್, ಮಾಂಟ್‌ಗೊಮರಿಯವರು. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ 1955ರ ಡಿಸೆಂಬರ್ 5ರಂದು ಅಲ್ಲಿ ಬಸ್ ಬಹಿಷ್ಕಾರ ಶುರುವಾಯಿತು. 381 ದಿನ ಆ ಊರಿನ ಕಪ್ಪು ಜನ ಬಸ್ ಹತ್ತಲಿಲ್ಲ. ನಡೆದರು, ಕಾರುಗಳಲ್ಲಿ ಹಂಚಿಕೊಂಡು ಹೋದರು. ಕಾರಿಗೆ ಪೆಟ್ರೋಲ್ ಬೇಕು, ರಿಪೇರಿ ಬೇಕು, ದುಡ್ಡೆಲ್ಲಿಂದ? ಗಿಲ್ಮೋರ್ ಹೆಂಗಸರನ್ನು ಕೂಡಿಸಿ ಗೆಣಸಿನ ಪೈ, ಕೇಕು, ಕರಿದ ಕೋಳಿ ಮಾಡಿ ಮಾರಿಸಿದರು. ಅವರಲ್ಲಿ ಎಷ್ಟೋ ಜನ ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರು, ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. ಅದಕ್ಕೇ ಗುಂಪಿಗೆ 'ಎಲ್ಲಿಂದಲೂ ಅಲ್ಲದ ಕ್ಲಬ್' ಎಂದು ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ಗಿಲ್ಮೋರ್ ಕೋರ್ಟಿನಲ್ಲಿ ಸಾಕ್ಷಿ ಹೇಳಿ ತಾವು ಕೆಲಸ ಕಳೆದುಕೊಂಡರು. ಆಮೇಲೆ ಕಿಂಗ್ ಕೊಟ್ಟ ಧೈರ್ಯದಿಂದ ಮನೆಯಲ್ಲೇ ಊಟದ ವ್ಯವಸ್ಥೆ ಶುರುಮಾಡಿದರು. ಅಲ್ಲಿ ಕಿಂಗ್ ಕೂಡ ಬಂದು ಉಣ್ಣುತ್ತಿದ್ದರು. 1990ರಲ್ಲಿ, ಮತದಾನದ ಹಕ್ಕಿಗಾಗಿ ನಡೆದಿದ್ದ ಸೆಲ್ಮಾ ಮೆರವಣಿಗೆಯ 25ನೇ ವರ್ಷದ ನೆನಪಿಗೆ ಬರುವವರಿಗೆಂದು ಬೆಳಗ್ಗೆ ಎದ್ದು ಅಡುಗೆ ಮಾಡಿದ್ದ ದಿನವೇ ತೀರಿಕೊಂಡರು. ದುಃಖಕ್ಕೆ ಬಂದವರು ಉಂಡದ್ದು ಆಕೆಯೇ ಮಾಡಿಟ್ಟಿದ್ದ ಅಡುಗೆ.

ಸ್ಫೂರ್ತಿ ಅಂದರೆ ದೊಡ್ಡವರ ದೊಡ್ಡ ಮಾತು ಎಂದುಕೊಂಡಿರುತ್ತೇವೆ. ಆದರೆ ಆ ಹೋರಾಟದ ನಡುವೆ ಕಿಂಗ್ ಅವರೇ ಕುಸಿದು ಕೂತ ರಾತ್ರಿಯೊಂದಿದೆ. 1956ರ ಜನವರಿ ಕೊನೆ, ನಡುರಾತ್ರಿ. ಕೊಲ್ಲುತ್ತೇವೆ ಎಂದು ಫೋನ್ ಬಂತು. ಅವರಿಗೆ ಆಗ 27 ವಯಸ್ಸು, ಒಳಗೆ ಹೆಂಡತಿ, ಹಸುಗೂಸು. ಅಡುಗೆಮನೆಯಲ್ಲಿ ಕಾಫಿ ಕಾಯಿಸಿಕೊಂಡು ಕೂತು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಅಲ್ಲೇ ಒಂದು ಧೈರ್ಯ ಬಂದಂತಾಯಿತು ಎಂದು ಆಮೇಲೆ ಬರೆದುಕೊಂಡಿದ್ದಾರೆ. ಮೂರು ದಿನಕ್ಕೆ ಮನೆಗೆ ಬಾಂಬು ಬಿತ್ತು. ಭಕ್ತಿ ಸುಮ್ನೆ ಕೈಯಭ್ಯಾಸವಾಗಿದೆ ಎಂದು ನೀವು ಬರೆದಿದ್ದೀರಲ್ಲ, ಅದನ್ನು ಕಡಿಮೆ ಎಂದುಕೊಳ್ಳಬೇಡಿ. ಬಾಯಿಗೆ ಮಾತು ಬಾರದ ದಿನ ಕೈಯಾದರೂ ದೀಪ ಹಚ್ಚುತ್ತಿರಲಿ.

ಹಿಂದೂ ಆದವರು ಅಲ್ಲಿಗೆ ಹೋಗಬಹುದಾ ಎಂದು ಕೇಳಿದ್ದೀರಿ. ಹೋಗಬಹುದು. ಈ ದಾರಿಯಲ್ಲಿ ಮೊದಲು ನಡೆದವರು ನೀವಲ್ಲ. 1936ರ ಫೆಬ್ರವರಿಯಲ್ಲಿ ಹೊವರ್ಡ್ ಥರ್ಮನ್ ಎಂಬ ಕಪ್ಪು ಪಾದ್ರಿ, ಅವರ ಹೆಂಡತಿ ಸೂ ಬೇಲಿ ಥರ್ಮನ್ ಮತ್ತು ಸಂಗಡಿಗರು ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ಮಾತೆಲ್ಲ ಆದ ಮೇಲೆ ಗಾಂಧೀಜಿ ಅವರನ್ನು ಒಂದು ಹಾಡು ಹಾಡಲು ಕೇಳಿಕೊಂಡರು. ಏಸುವನ್ನು ಶಿಲುಬೆಗೇರಿಸಿದಾಗ ನೀನಲ್ಲಿದ್ದೆಯಾ ಎಂದು ಕೇಳುವ ಗುಲಾಮರ ಹಾಡು ಅದು. ಹಾಡಿದರು. ಗಾಂಧೀಜಿ ಹಿಂದೂವಾಗಿಯೇ ಕೇಳಿದರು, ಥರ್ಮನ್ ಕ್ರೈಸ್ತರಾಗಿಯೇ ಮರಳಿದರು.

ಇದೇ ಥರ್ಮನ್ನರ ಅಜ್ಜಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಓದು ಬರುತ್ತಿರಲಿಲ್ಲ, ಮೊಮ್ಮಗ ಬೈಬಲ್ ಓದಿ ಹೇಳಬೇಕಿತ್ತು. ಆದರೆ ಅದರಲ್ಲಿರುವ ಸಂತ ಪೌಲನ ಪತ್ರಗಳನ್ನು ಮುಟ್ಟಗೊಡುತ್ತಿರಲಿಲ್ಲ, ಪ್ರೀತಿಯ ಬಗ್ಗೆ ಇರುವ ಒಂದು ಅಧ್ಯಾಯ ಬಿಟ್ಟು. ಯಾಕೆಂದರೆ ಯಜಮಾನನ ಪಾದ್ರಿ ಬಂದಾಗಲೆಲ್ಲ 'ಗುಲಾಮರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ' ಎಂಬ ಪೌಲನ ಮಾತನ್ನೇ ಹೇಳುತ್ತಿದ್ದ. ಬಿಡುಗಡೆಯಾದರೆ ಈ ಭಾಗ ಓದಿಸುವುದಿಲ್ಲ ಎಂದು ಆಕೆ ಅವತ್ತೇ ನಿರ್ಧರಿಸಿದ್ದರು. ಕಪ್ಪು ಜನರ ನಂಬಿಕೆಯೆಂದರೆ ಕೊಟ್ಟದ್ದನ್ನೆಲ್ಲ ನುಂಗಿದ ನಂಬಿಕೆ ಎಂದು ಯಾರಾದರೂ ಹೇಳಿದರೆ ನಾನು ಈ ಅಜ್ಜಿಯ ಕಥೆ ಹೇಳುತ್ತೇನೆ.

ಇನ್ನು ನಡೆ-ನುಡಿ. ತೊಳೆದ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ, ಸೀರೆಯಾದರೆ ಅಜ್ಜಿಯರಿಗೆ ಖುಷಿಯಾಗುತ್ತದೆ. ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತವರು ಎಲ್ಲಿ ಕೂರಿಸುತ್ತಾರೋ ಅಲ್ಲಿ ಕೂರಿ. ಪ್ರಾರ್ಥನೆ ನಡೆಯುವಾಗ ಎದ್ದು ಓಡಾಡಬೇಡಿ. ರೊಟ್ಟಿ, ದ್ರಾಕ್ಷಾರಸ ಕೊಡುವ ದಿನ ಸುಮ್ಮನೆ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಚಪ್ಪಾಳೆ ತಟ್ಟಿ, ಎದ್ದು ನಿಲ್ಲಿ. ಫೋನ್ ತೆಗೆದು ವಿಡಿಯೊ ಮಾಡಬೇಡಿ. ಅದು ಪ್ರದರ್ಶನ ಅಲ್ಲ.

ಒಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ನೆರೆಮನೆಯವರನ್ನು ಬರೀ ಹೆಸರು ಹಿಡಿದು ಕರೆಯಬೇಡಿ. ಅಮೆರಿಕದಲ್ಲಿ ಎಲ್ಲರನ್ನೂ ಹೆಸರಿನಿಂದಲೇ ಕರೆಯುತ್ತಾರಲ್ಲ ಅನ್ನಬಹುದು. ಆದರೆ ಆಕೆ ಚಿಕ್ಕವರಿದ್ದಾಗ ದಕ್ಷಿಣದಲ್ಲಿ ಬಿಳಿ ಮಕ್ಕಳೂ ಕಪ್ಪು ಹಿರಿಯರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. 'ಮಿಸೆಸ್' ಎಂಬ ಮರ್ಯಾದೆ ಕಪ್ಪು ಹೆಂಗಸಿಗೆ ಇರಲಿಲ್ಲ. ವಾರವಿಡೀ ಬಿಳಿಯರ ಅಡುಗೆಮನೆಯಲ್ಲಿ ಏಕವಚನದಲ್ಲಿ ಕರೆಸಿಕೊಂಡವರು ಭಾನುವಾರ ಚರ್ಚಿಗೆ ಬಂದರೆ 'ಸಿಸ್ಟರ್' ಇಂಥವರು, 'ಮದರ್' ಇಂಥವರು. ಆ ಪದಗಳು ಬರೀ ಧರ್ಮದ ಪದಗಳಲ್ಲ, ಕಸಿದುಕೊಂಡ ಬಹುವಚನ. ಅಮ್ಮ, ಅಕ್ಕ, ನೀವು, ತಾವು ಎಂದು ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಹೆಸರಿನ ಮೊದಲು 'ಮಿಸ್' ಸೇರಿಸಿ ಕರೆಯಿರಿ, ಅದು ಅಲ್ಲಿಯ ರೂಢಿ.

ನಿಮ್ಮವರ ಸ್ನೇಹಿತರ ಮಾತಿಗೆ ನನ್ನಲ್ಲಿ ತಾಳ್ಮೆ ಕಡಿಮೆ. ಅಮೆರಿಕಕ್ಕೆ ಬಂದ ನಾವು ಕೆಲವರು ಊರಿನ ಬಣ್ಣದ ಲೆಕ್ಕಾಚಾರವನ್ನೂ ಸೂಟ್‌ಕೇಸಿನಲ್ಲಿ ತಂದಿರುತ್ತೇವೆ. ಅವರಿಗೆ ಒಂದು ವಿಷಯ ನೆನಪಿಸಿ. ನಮ್ಮಂಥವರು ಲೆಕ್ಕಕ್ಕೆ ಸಿಗುವಷ್ಟು ಆ ದೇಶಕ್ಕೆ ಬರಲು ಬಾಗಿಲು ತೆಗೆದದ್ದು 1965ರ ವಲಸೆ ಕಾಯ್ದೆ. ಜನಾಂಗದ ಮೇಲೆ ಜನರನ್ನು ಅಳೆಯಬಾರದು ಎಂಬ ಗಾಳಿ ಎದ್ದದ್ದು ಮಾಂಟ್‌ಗೊಮರಿ, ಸೆಲ್ಮಾದಂಥ ಊರುಗಳ ಬೀದಿಯಿಂದ. ಆ ಗಾಳಿಯಲ್ಲೇ ಈ ಕಾಯ್ದೆಯೂ ಬಂತು. ನಿಮ್ಮವರ ಸ್ನೇಹಿತರ ವೀಸಾಕ್ಕೂ ಗಿಲ್ಮೋರ್ ಅವರ ಗೆಣಸಿನ ಪೈಗೂ ಅಷ್ಟು ದೂರವಿಲ್ಲ.

ಬೇರೆಯವರ ನೋವನ್ನು ಬಳಸಿಕೊಂಡಂತೆ ಆಗುತ್ತದಾ ಎಂಬ ನಿಮ್ಮ ಅಳುಕು ಒಳ್ಳೆಯದು, ಅದು ಇರಲಿ. ಹಾಡನ್ನು ಮಾತ್ರ ತೆಗೆದುಕೊಂಡು ಹಾಡಿದವರ ಕಥೆ ಬಿಟ್ಟರೆ ಅದು ಬಳಸಿಕೊಳ್ಳುವುದು. ಕಥೆ ಕೇಳಿ, ಮತ್ತೆ ಬಂದು, ಅವರ ಮನೆಯಲ್ಲಿ ಸಾವು-ನೋವಾದಾಗ ನೀವೂ ಒಂದು ಪಾತ್ರೆ ಹಿಡಿದು ನಿಂತರೆ ಅದು ನಂಟು. ಚೆಂದಕ್ಕಾಗಿ ಸುಳ್ಳು ಕಥೆಗಳನ್ನು ಹೊತ್ತು ತಿರುಗಬೇಡಿ ಅಂತಲೂ ಹೇಳುತ್ತೇನೆ. ಓಡಿಹೋಗುವ ಗುಲಾಮರಿಗೆ ಕೌದಿಗಳ ಮೇಲೆ ಗುಟ್ಟಿನ ದಾರಿನಕ್ಷೆ ಹೊಲಿದು ಬೇಲಿಗೆ ಹಾಕುತ್ತಿದ್ದರು ಎಂಬ ಕಥೆ ತುಂಬಾ ಓಡಾಡುತ್ತದೆ. ಚರಿತ್ರೆಕಾರರು ಒಪ್ಪಿಲ್ಲ, ಪುರಾವೆಯೂ ಇಲ್ಲ.

ಕೌದಿಯ ನಿಜವಾದ ಕಥೆ ಅದಕ್ಕಿಂತ ದೊಡ್ಡದು. ಅಲಬಾಮಾದಲ್ಲಿ ನದಿ ಮೂರು ಕಡೆ ಬಳಸಿದ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಹೆಂಗಸರು ಹರಿದ ಬಟ್ಟೆ, ಮಾಸಿದ ಜೀನ್ಸ್, ಹಿಟ್ಟಿನ ಚೀಲ ಸೇರಿಸಿ ಹೊಲಿದ ಕೌದಿಗಳು 2002ರ ಹೊತ್ತಿಗೆ ದೊಡ್ಡ ಕಲಾಶಾಲೆಗಳ ಗೋಡೆ ಏರಿದವು. ಹೊಲಿದದ್ದು ಮಾತ್ರ ಚಳಿಗೆ. 1942ರಲ್ಲಿ ಮಿಸ್ಸೂರಿ ಪೆಟ್ವೇ ಎಂಬಾಕೆ ಗಂಡ ಸತ್ತ ಮೇಲೆ ಅವನ ಕೆಲಸದ ಬಟ್ಟೆಗಳನ್ನೇ ಹರಿದು ಕೌದಿ ಮಾಡಿದರು. ಅವನ ನೆನಪಿಗೆ, ಪ್ರೀತಿಗೆ ಅದನ್ನು ಹೊದ್ದು ಮಲಗುತ್ತೇನೆ ಎಂದರಂತೆ. ಬಟ್ಟೆ ಹರಿದುಕೊಡಲು ಜೊತೆಗಿದ್ದವಳು ಮಗಳು, ಮುಂದೆ ಆ ಕಥೆ ಹೇಳಿದವಳೂ ಅವಳೇ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರೂ ಹಳೆಯ ಸೀರೆ, ಅಂಗಿಗಳ ಕೌದಿ ಹೊಲಿಯುತ್ತಾರೆ. ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ಅವರ ಹಿರಿಯರೂ ಆಫ್ರಿಕಾದಿಂದ ಬಂದವರು, ಎಷ್ಟೋ ಜನ ಗುಲಾಮರಾಗಿ ಸಮುದ್ರ ದಾಟಿದವರು. ಇಂಥ ನೆನಪು ನಮ್ಮ ಜಿಲ್ಲೆಗಳಲ್ಲೇ ಇದ್ದೂ ನಾವು ಅಟ್ಲಾಂಟಾಕ್ಕೆ ಹೋಗಿ ಬೆರಗಾಗುತ್ತೇವೆ!

ನಿಮ್ಮ ಅಮ್ಮನ ಸೀರೆ ಒಂದೆರಡು ನಿಮ್ಮ ಬಳಿ ಇದ್ದರೆ ನಾನು ಮುಂದೆ ಏನು ಹೇಳುತ್ತೇನೆಂದು ನಿಮಗೆ ಗೊತ್ತಾಯಿತು. ಹೊಲಿಗೆ ಬಾರದಿದ್ದರೂ ಪರವಾಗಿಲ್ಲ. ಪಕ್ಕದ ಮನೆಯವರಿಗೆ ಬರುತ್ತದೋ ಕೇಳಿ. ಬಂದರೆ ಕಲಿಸಿ ಅನ್ನಿ. ಬಾರದಿದ್ದರೂ ಅವರ ಚರ್ಚಿನಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಬೆಳಗ್ಗೆ ಫೋನಿನಲ್ಲಿ ನಾಲ್ಕು ಸಾಲು ಓದುವ ಹೊತ್ತಿಗೆ ನಾಲ್ಕು ಹೊಲಿಗೆ ಹಾಕಿ. ವಾರಕ್ಕೊಂದು ಸಂಜೆ ಇಬ್ಬರೂ ಕೂತು ಹೊಲಿಯಿರಿ. ಅಮ್ಮನ ಬಗ್ಗೆ ಮಾತಾಡಿ. ಆಕೆ ಇಂಗ್ಲಿಷಿನಲ್ಲಿ ಹೂಂ ಅನ್ನುತ್ತಾರೆ.

ಒಂದು ಮಾತು ಹೇಳದೆ ಬಿಡಬಾರದು. ನಿದ್ದೆ, ಊಟ ಕೆಟ್ಟು ತಿಂಗಳುಗಟ್ಟಲೆ ಹಾಗೇ ಇದ್ದರೆ ಡಾಕ್ಟರನ್ನು ನೋಡಿ. ಹಾಡು, ಕೌದಿ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಇನ್ನು ಡಬ್ಬಿ. ಅವರು ಅಲಸಂದೆ ಕಾಳನ್ನೇ ತಂದದ್ದು ಎಷ್ಟು ಸರಿಯಾಗಿದೆ ನೋಡಿ. ಆ ಕಾಳಿನ ತವರು ಆಫ್ರಿಕಾ. ಅವರ ಅಡುಗೆಯ ಬೆಂಡೆಕಾಯಿಯೂ ಆಫ್ರಿಕಾದ್ದೇ. ನಮ್ಮ ರಾಗಿಯೂ ಅಲ್ಲಿಂದಲೇ ಬಂದದ್ದು. 1862ರ ಡಿಸೆಂಬರ್ 31ರ ರಾತ್ರಿ ಕಪ್ಪು ಜನ ಚರ್ಚುಗಳಲ್ಲಿ ಎಚ್ಚರವಿದ್ದು ಬೆಳಗಿಗೆ ಕಾದರು, ಜನವರಿ ಒಂದರಿಂದ ಅಧ್ಯಕ್ಷ ಲಿಂಕನ್ನರ ಗುಲಾಮರ ಬಿಡುಗಡೆಯ ಘೋಷಣೆ ಜಾರಿಯಾಗಬೇಕಿತ್ತು. ಇವತ್ತಿಗೂ ಎಷ್ಟೋ ಚರ್ಚುಗಳಲ್ಲಿ ಆ ರಾತ್ರಿ ಜಾಗರಣೆ ಇರುತ್ತದೆ, ಮರುದಿನ ಎಷ್ಟೋ ಮನೆಗಳಲ್ಲಿ ಅಲಸಂದೆ ಅನ್ನ, ಸೊಪ್ಪಿನ ಪಲ್ಯ ಇರುತ್ತದೆ. ನೀವು ಸಸ್ಯಾಹಾರಿಯಾಗಿದ್ದರೆ ಒಂದು ಸೂಕ್ಷ್ಮ: ಆ ಸೊಪ್ಪಿಗೂ ಕಾಳಿಗೂ ರುಚಿಗೆಂದು ಹೊಗೆಯಾಡಿಸಿದ ಮಾಂಸದ ತುಂಡು ಹಾಕುವುದು ವಾಡಿಕೆ. ಸಂಕೋಚಪಟ್ಟುಕೊಂಡು ಡಬ್ಬಿ ಮುಚ್ಚಿಡುವ ಬದಲು, ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಅದು ಹಾಕದೆ ಮಾಡುವುದು ಹೇಗೆಂದು ಹೇಳಿಕೊಡಿ ಎಂದು ಕೇಳಿ. ಅಡುಗೆ ಹೇಳಿಕೊಡಿ ಅಂದರೆ ಬೇಜಾರಾಗುವ ಅಜ್ಜಿಯನ್ನು ನಾನಂತೂ ಯಾವ ದೇಶದಲ್ಲೂ ಕಂಡಿಲ್ಲ.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಎಂದು ನಿಮ್ಮ ಅಮ್ಮ ಹೇಳಿಯೇ ಹೇಳಿರುತ್ತಾರೆ. ಇಷ್ಟು ದಿನ ಅದು ನಿಮ್ಮ ಮನೆಯಲ್ಲಿ ಉಳಿದದ್ದೂ ಅದಕ್ಕೇ ಇರಬೇಕು. ಏನು ತುಂಬಿಸುವುದೆಂದು ತೋಚದೆ. ಅಲಸಂದೆ ಕಾಳನ್ನೇ ನೆನೆಹಾಕಿ ಉಸಲಿ ಮಾಡಿ. ಸಾಸಿವೆ, ಕರಿಬೇವು, ತೆಂಗಿನತುರಿ ಹಾಕಿ, ಹಸಿಮೆಣಸು ಒಂದೇ ಸಾಕು. ಶನಿವಾರ ಸಂಜೆ ಕೊಟ್ಟುಬಿಡಿ. ಭಾನುವಾರ ಬೆಳಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಬಾಗಿಲಲ್ಲೇ ಕೇಳಿಕೊಂಡು ಬನ್ನಿ.